ಅವನ ಕೌದಿಯನ್ನೂ ಕೊಟ್ಟು ಕಳುಹಿಸಿ

ಪ್ರಶ್ನೆ: ನಾವು ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯವರು. ಮಗನಿಗೆ 17 ವರ್ಷ. ಬುದ್ಧಿಮಾಂದ್ಯ, ಮಾತು ಕಡಿಮೆ, ಆಗಾಗ ಫಿಟ್ಸ್ ಬರುತ್ತದೆ. ಯಜಮಾನರು ಮಗ್ಗದ ಕೆಲಸಕ್ಕೆ ಹೋದರೆ ನಾನೊಬ್ಬಳೇ. ಅವನಿಗೆ ಸ್ನಾನ ಮಾಡಿಸಲು ಈಗ ನನ್ನ ಸೊಂಟಕ್ಕೆ ಶಕ್ತಿ ಇಲ್ಲ. ಬೆಳಗಾವಿಯ ವಸತಿ ಕೇಂದ್ರವೊಂದು ಸೇರಿಸಿಕೊಳ್ಳುತ್ತೇವೆ ಎಂದಿದೆ. ‘ಹೆತ್ತ ಮಗನನ್ನು ಹೊರಗೆ ಹಾಕ್ತೀಯಾ’ ಎಂದು ಅತ್ತೆ ಅಳುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಕಾಗದ ಎರಡು ಸಲ ಓದಿದೆ ತಾಯಿ. ಸೊಂಟ ಪೂರ್ತಿ ಕೈಕೊಟ್ಟ ದಿನ ಅವಸರದಲ್ಲಿ ಸಿಕ್ಕಲ್ಲಿ ಬಿಡುವುದಕ್ಕಿಂತ, ನೀವು ಓಡಾಡಿ ನೋಡಬಲ್ಲ ಈಗಲೇ ಹೊಸ ಜಾಗ ಅಭ್ಯಾಸ ಮಾಡಿಸುವುದು ಒಳ್ಳೆಯದು ಅನ್ನುತ್ತೇನೆ. ಅತ್ತೆಯವರ ಅಳುವೂ ಪ್ರೀತಿಯೇ. ಕೇಂದ್ರ ನೋಡಲು ಅವರನ್ನೂ ಕರೆದುಕೊಂಡು ಹೋಗಿ.

ಹೇಳದೆ ಹೋಗಿ, ಊಟದ ಹೊತ್ತಿಗೆ. ಆಫೀಸು ಬಿಡಿ, ಬಚ್ಚಲು, ಪಾಯಖಾನೆ ನೋಡಿ. ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ, ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಇಂಥ ಸಂಸ್ಥೆಗೆ ನೋಂದಣಿ ಇರಲೇಬೇಕು. ಪತ್ರ ತೋರಿಸಲಿ. ‘ಮೂರು ತಿಂಗಳು ಬರಬೇಡಿ, ಮಗು ಹೊಂದಿಕೊಳ್ಳಲಿ’ ಅಂದರೆ ಅಲ್ಲಿಂದ ಸುಮ್ನೆ ಎದ್ದು ಬನ್ನಿ.

ಮೊದಲು ಒಂದು ವಾರ ಮಾತ್ರ ಬಿಡಿ. ಅವನು ಹೊಟ್ಟೆ ಹಸಿದರೆ ಏನು ಸನ್ನೆ ಮಾಡುತ್ತಾನೆ, ಯಾವುದಕ್ಕೆ ಹೆದರುತ್ತಾನೆ, ಮಾತ್ರೆ ಎಷ್ಟು ಹೊತ್ತಿಗೆ, ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಡಿ. ನಿಮಗೆ ಕಣ್ಣಲ್ಲೇ ತಿಳಿಯುವುದು ಅವರಿಗೆ ತಿಳಿಯುವುದಿಲ್ಲ ಅಲ್ವಾ? ಅವನು ಹೊದೆಯುವ ಹಳೇ ಕೌದಿಯನ್ನೂ ಕೊಡಿ. ಮನೆಯ ವಾಸನೆ ಇರುತ್ತದೆ.

ಇನ್ನೊಂದು ಕೆಲಸ. 18 ತುಂಬಿದ ಮೇಲೆ ಕಾನೂನಿನ ಲೆಕ್ಕದಲ್ಲಿ ನೀವು ತಾನಾಗಿ ಅವನ ಗಾರ್ಡಿಯನ್ (ಅವನ ಪರವಾಗಿ ತೀರ್ಮಾನ ಮಾಡುವ ಪಾಲಕರು) ಅಲ್ಲ. ಹಾಗಾಗಲು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಲ್ಲದಿದ್ದರೆ ಅದನ್ನೂ ಮಾಡಿಸಿ. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಎರಡನ್ನೂ ವಿಚಾರಿಸಿ.

ಅವನು ಮನೆಗೆ ಬಂದಾಗ ನೀವೇ ಸ್ನಾನ ಮಾಡಿಸಿ, ಬೇಕಾದರೆ ಯಜಮಾನರು ಕೈಜೋಡಿಸಲಿ. ಮೈಮೇಲೆ ಗಾಯ ಇದೆಯೇ, ಸೊರಗಿದ್ದಾನೆಯೇ ನೋಡಿ. ವಾಪಸ್ ಹೋಗುವಾಗ ಬಸ್ ಹತ್ತಲು ಹಠ ಮಾಡಿದರೆ ಗಾಬರಿ ಬೇಡ, ಮೊದಮೊದಲು ಮಾಡುತ್ತಾನೆ. ಆದರೆ ಆ ಜಾಗದ ಹೆಸರು ಕೇಳಿಯೇ ನಡುಗಿದರೆ, ಕಟ್ಟಿದ ದುಡ್ಡು ಹೋದರೂ ಹೋಗಲಿ, ಕಳುಹಿಸಬೇಡಿ.