ಓದುಗರ ಪ್ರಶ್ನೆ, ನಮ್ಮ ಉತ್ತರ: ಪುಷ್ಕಲಾವತಿಯಿಂದ ಚಾರ್ಸದ್ದಾವರೆಗೆ

ಪಾಕಿಸ್ತಾನದ ಖೈಬರ್ ಪಖ್ತೂನ್‌ಖ್ವಾ ಪ್ರಾಂತ್ಯದ ಚಾರ್ಸದ್ದಾ ಜಿಲ್ಲೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಪುಟದ ಟಿಪ್ಪಣಿ ಬಂದಿತ್ತು. ಪೇಶಾವರದ ತಹಸೀಲಾಗಿದ್ದ ಈ ಪ್ರದೇಶ 1988ರಲ್ಲಿ ಬೇರೆ ಜಿಲ್ಲೆಯಾಯಿತು, ಇಲ್ಲಿನ ಬಹುಪಾಲು ಜನರ ಮಾತು ಪಷ್ತೋ ಎಂದಷ್ಟೇ ಅದರಲ್ಲಿ ಹೇಳಿದ್ದೆವು. ಅದನ್ನು ಓದಿ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಕೆಲವು ಇಲ್ಲಿವೆ.

ಪ್ರ: ಚಾರ್ಸದ್ದಾಕ್ಕೆ ಹಷ್ಟ್‌ನಗರ ಅಂತಲೂ ಹೆಸರಿದೆಯಂತೆ. ಏನು ಅರ್ಥ? (ಕಲಬುರಗಿ)

ಉ: ನಿಮ್ಮೂರಿನ ಹಫ್ತ್ ಗುಂಬಜ್ ನೆನೆಸಿಕೊಳ್ಳಿ. ಪಾರ್ಸಿಯಲ್ಲಿ ಹಫ್ತ್ ಅಂದರೆ ಏಳು, ಹಷ್ಟ್ ಅಂದರೆ ಎಂಟು. ಸಂಸ್ಕೃತದ ಅಷ್ಟ, ಪಾರ್ಸಿಯ ಹಷ್ಟ್, ಪಷ್ತೋದ ಅತ, ಮೂರೂ ಒಂದೇ ಬೇರಿನವು; ನಮ್ಮ ಎಂಟು ಮಾತ್ರ ದ್ರಾವಿಡ. ಎಂಟು ಊರುಗಳೆಂದರೆ ಚಾರ್ಸದ್ದಾ, ಪ್ರಾಂಗ್, ರಜ್ಜಡ್, ಉತ್ಮಾನ್‌ಜೈ, ತುರಂಗ್‌ಜೈ, ಉಮರ್‌ಜೈ, ಶೇರ್‌ಪಾವ್, ತಂಗಿ. ಸ್ಥಳೀಯರ ಬಾಯಲ್ಲಿ ಹಷ್ಟ್‌ನಗರ ಸವೆದು ‘ಅಶ್ನಘರ್’ ಆಗಿದೆ. ಹೆಸರಿನ ಕೊನೆಯ ‘ಜೈ’ ಅಂದರೆ ಸಂತತಿ, ಇಂಥವನ ಮಕ್ಕಳು ಎಂದು. ಅದನ್ನು ಜಯಕಾರದ ‘ಜೈ’ ಎಂದು ಓದಬೇಡಿ. ಇಲ್ಲಿನ ದೊಡ್ಡ ಬುಡಕಟ್ಟು ಮೊಹಮ್ಮದ್‌ಜೈ.

ಪ್ರ: ರಾಮಾಯಣದ ಪುಷ್ಕಲಾವತಿಯೇ ಚಾರ್ಸದ್ದಾ ಎನ್ನಲು ಮಣ್ಣಿನಲ್ಲಿ ಸಾಕ್ಷಿ ಇದೆಯೇ? ನಮ್ಮ ಸನ್ನತಿಗೂ ಆ ಕಡೆಗೂ ನಂಟುಂಟೇ? (ಚಿತ್ತಾಪುರ)

ಉ: ಉತ್ತರಕಾಂಡದ ಪ್ರಕಾರ ಭರತನ ಮಕ್ಕಳಲ್ಲಿ ತಕ್ಷನ ಹೆಸರಿನಲ್ಲಿ ತಕ್ಷಶಿಲೆ, ಪುಷ್ಕಲನ ಹೆಸರಿನಲ್ಲಿ ಪುಷ್ಕಲಾವತಿ ಹುಟ್ಟಿದವು. ಅದು ಕಾವ್ಯದ ಮಾತು. ಮಣ್ಣಿನ ಮಾತು ಬೇರೆ, ಮತ್ತು ಅದು ಬಹಳ ಗಟ್ಟಿ. ಚಾರ್ಸದ್ದಾ ಪಟ್ಟಣದ ಹತ್ತಿರ ಬಾಲಾ ಹಿಸಾರ್ ಎಂಬ ದಿಬ್ಬವಿದೆ. ಜನ ಒಂದೇ ಜಾಗದಲ್ಲಿ ಮಣ್ಣಿನ ಮನೆ ಕಟ್ಟುವುದು, ಅದು ಕುಸಿಯುವುದು, ಅದರ ಮೇಲೇ ಮತ್ತೆ ಕಟ್ಟುವುದು, ಹೀಗೆ ಶತಮಾನಗಟ್ಟಲೆ ನಡೆದು ಎದ್ದ ಹಾಳೂರ ದಿನ್ನೆ ಅದು. 1958ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಕೋಟೆಯ ಕಂದಕವೊಂದು ಸಿಕ್ಕಿತು. ಕ್ರಿ.ಪೂ. 327ರಲ್ಲಿ ಅಲೆಕ್ಸಾಂಡರನ ಸೇನಾಪತಿಗಳಾದ ಹೆಫೆಸ್ಟಿಯನ್ ಮತ್ತು ಪರ್ಡಿಕಾಸ್ ಈ ನಗರದ ಒಡೆಯ ಆಸ್ತಿಸ್‌ನನ್ನು 30 ದಿನ ಮುತ್ತಿ ಕೊಂದರೆಂದು ಗ್ರೀಕ್ ಬರಹಗಾರ ಅರಿಯನ್ ಹೇಳುತ್ತಾನೆ. ಆ ಮುತ್ತಿಗೆಯ ಹೊತ್ತಿನ ಕಂದಕವೇ ಇದೆಂದು ವೀಲರ್ ವಾದಿಸಿದರು. ಊರು ಹುಟ್ಟಿದ್ದು ಕ್ರಿ.ಪೂ. 6ನೇ ಶತಮಾನದಲ್ಲಿ ಎಂಬುದು ಅವರ ಲೆಕ್ಕವಾಗಿತ್ತು. 1990ರ ದಶಕದ ಅಗೆತದಲ್ಲಿ ಸಿಕ್ಕ ಇದ್ದಲಿನ ಕಾಲಗಣನೆ ಅದನ್ನು ಇನ್ನೂ ನೂರಾರು ವರ್ಷ ಹಿಂದಕ್ಕೆ ಒಯ್ದಿದೆ.

ಊರು ಒಂದೇ ಕಡೆ ನಿಲ್ಲಲೂ ಇಲ್ಲ. ಕ್ರಿ.ಪೂ. 2ನೇ ಶತಮಾನದಲ್ಲಿ ಇಂಡೋ-ಗ್ರೀಕ್ ಅರಸರ ಕಾಲಕ್ಕೆ ಪಕ್ಕದ ಶೇಖಾನ್ ಢೇರಿಯಲ್ಲಿ ಹೊಸ ನಗರ ಎದ್ದಿತು. ನೇರ ಬೀದಿ, ಚೌಕ ಮನೆಸಾಲು. ಇದು ಪತ್ತೆಯಾದ ಬಗೆಯನ್ನು ಹೇಳಲೇಬೇಕು. ಸುತ್ತಲ ಜನ ಮನೆ ಕಟ್ಟಲು ಹಳೆಯ ಗೋಡೆಗಳ ಕಲ್ಲು, ಇಟ್ಟಿಗೆ ಕಿತ್ತು ಒಯ್ದಿದ್ದರು. ಕಿತ್ತಲ್ಲೆಲ್ಲ ಗೋಡೆಯ ಆಕಾರದ ಕಾಲುವೆಯಂಥ ಗುಂಡಿಗಳು ಉಳಿದವು. ವಿಮಾನದಿಂದ ಫೋಟೋ ತೆಗೆದಾಗ ಆ ಗುಂಡಿಗಳೇ ಇಡೀ ನಗರದ ನಕ್ಷೆಯಾಗಿ ಕಂಡವು! 1963-64ರಲ್ಲಿ ಎ.ಎಚ್. ದಾನಿ ಅಲ್ಲಿ ಅಗೆಸಿದರು. ಇಂಥ ದಿಬ್ಬಗಳಿಗೆ ದೊಡ್ಡ ಕುತ್ತೆಂದರೆ, ಬೂದಿ ಬೆರೆತ ಹಳೆಯ ಮಣ್ಣು ಹೊಲಕ್ಕೆ ಒಳ್ಳೆ ಗೊಬ್ಬರ ಎಂದು ರೈತರು ತುಂಬಿಕೊಂಡು ಹೋಗುವುದು. ಪದರ ಕದಡಿದ ಮೇಲೆ ಅಲ್ಲಿ ಸಿಕ್ಕ ನಾಣ್ಯಕ್ಕೆ ಕಾಲ ಹೇಳಲು ಬರುವುದಿಲ್ಲ. ನಮ್ಮ ಕಡೆಯ ಹಾಳೂರ ದಿನ್ನೆಗಳಿಗೂ ಇದೇ ಗತಿ, ದಯವಿಟ್ಟು ಗಮನಿಸಿ.

ಕಲಬುರಗಿ ಜಿಲ್ಲೆಯ ಸನ್ನತಿಯ ನಂಟು ಅಶೋಕನದು. ಚಾರ್ಸದ್ದಾದ ನೆರೆಯ ಮರ್ದಾನ್ ಜಿಲ್ಲೆಯ ಶಹಬಾಜ್‌ಗಢಿಯಲ್ಲಿ ಅವನ ಬಂಡೆ ಶಾಸನಗಳು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿವೆ, ಸನ್ನತಿಯವು ಬ್ರಾಹ್ಮಿಯಲ್ಲಿ. ಇನ್ನೂ ಹತ್ತಿರದ ಕೊಂಡಿ ಚಿತ್ರದುರ್ಗ ಜಿಲ್ಲೆಯಲ್ಲಿದೆ. ಬ್ರಹ್ಮಗಿರಿಯ ಶಾಸನ ಬರೆದ ಚಪಡ ಎಂಬ ಲಿಪಿಕಾರ ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕರೇಣ’ ಎಂಬ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಚಾರ್ಸದ್ದಾ ಸೇರಿದ ಹಳೆಯ ಗಾಂಧಾರ ನಾಡಿನ ಕಡೆ ಅಕ್ಷರ ಕಲಿತ ಕೈ ಕನ್ನಡ ನಾಡಿನ ಬಂಡೆಯ ಮೇಲೆ ಬರೆದಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ.

ಪ್ರ: ಗಡಿನಾಡ ಗಾಂಧಿಯವರ ಊರು ಇದೇ ಜಿಲ್ಲೆಯೇ? ಅವರ ಕೆಂಪಂಗಿ ದಳ ನಿಜಕ್ಕೂ ಆಯುಧ ಬಿಟ್ಟಿತ್ತೇ? (ಯಾದಗಿರಿ)

ಉ: ಹೌದು. ಖಾನ್ ಅಬ್ದುಲ್ ಗಫಾರ್ ಖಾನ್ 1890ರಲ್ಲಿ ಉತ್ಮಾನ್‌ಜೈನಲ್ಲಿ ಹುಟ್ಟಿದರು. ಅಲ್ಲಿ ಅವರನ್ನು ಬಾಚಾ ಖಾನ್ ಎನ್ನುತ್ತಾರೆ. ಮೊದಲು ಮಾಡಿದ ಕೆಲಸ ಶಾಲೆಯದು: 1921ರಲ್ಲಿ ತಮ್ಮೂರಿನಲ್ಲೇ ಆಜಾದ್ ಶಾಲೆ ತೆರೆದರು, 1928ರಲ್ಲಿ ‘ಪಖ್ತೂನ್’ ಎಂಬ ಪತ್ರಿಕೆ ತಂದರು. ಖುದಾಯಿ ಖಿದ್ಮತ್‌ಗಾರ್, ಅಂದರೆ ದೇವರ ಸೇವಕರು, ಎಂಬ ದಳ ಕಟ್ಟಿದ್ದು 1929ರಲ್ಲಿ. ಸೇರುವವರು ಸೇಡು ತೀರಿಸುವುದಿಲ್ಲ, ಹೊಡೆದವರನ್ನೂ ಕ್ಷಮಿಸುತ್ತೇನೆ, ದಿನಕ್ಕೆ ಕನಿಷ್ಠ ಎರಡು ಗಂಟೆ ಸಮಾಜದ ಕೆಲಸ ಮಾಡುತ್ತೇನೆ ಎಂದು ಪ್ರಮಾಣ ಮಾಡಬೇಕಿತ್ತು. ಬಿಳಿ ಬಟ್ಟೆ ಬೇಗ ಕೊಳೆಯಾಗುತ್ತದೆಂದು ಅಗ್ಗದ ಇಟ್ಟಿಗೆ ಬಣ್ಣ ಹಾಕಿಸಿದರು, ಕೆಂಪಂಗಿ ಎಂಬ ಹೆಸರು ಅಲ್ಲಿಂದ ಬಂತು. ಕಮ್ಯುನಿಸ್ಟರ ಕೆಂಪಿಗೂ ಇದಕ್ಕೂ ಸಂಬಂಧವಿಲ್ಲ. ಬ್ರಿಟಿಷರು ಬೇಕೆಂದೇ ಹಾಗೆ ಹಬ್ಬಿಸಿದರು.

1930ರ ಏಪ್ರಿಲ್ 23ರಂದು ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಬ್ರಿಟಿಷರ ಗುಂಡು ಹಾರಿದಾಗ ಜನ ತಿರುಗಿ ಗುಂಡು ಹಾರಿಸಲಿಲ್ಲ. ಗಢ್ವಾಲ್ ರೈಫಲ್ಸ್‌ನ ಸಿಪಾಯಿಗಳು ಆ ನಿಶ್ಶಸ್ತ್ರ ಜನರ ಮೇಲೆ ಗುಂಡು ಹಾರಿಸಲು ಒಪ್ಪಲಿಲ್ಲ, ಶಿಕ್ಷೆ ಉಂಡರು. 1938ರಲ್ಲಿ ಗಾಂಧೀಜಿ ಉತ್ಮಾನ್‌ಜೈಗೆ ಬಂದು ಉಳಿದರು. ಆದರೆ ಪುಸ್ತಕಗಳು ಸಾಮಾನ್ಯವಾಗಿ 1947ಕ್ಕೆ ನಿಂತುಬಿಡುತ್ತವೆ. 1948ರ ಆಗಸ್ಟ್ 12ರಂದು ಚಾರ್ಸದ್ದಾದ ಬಾಬ್ಡಾದಲ್ಲಿ ಇದೇ ದಳದ ಮೆರವಣಿಗೆಯ ಮೇಲೆ ಪಾಕಿಸ್ತಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ದಳದ ಲೆಕ್ಕಕ್ಕೂ ಅಜಗಜಾಂತರ. ಈ ದಿನವನ್ನು ಬಿಟ್ಟು ಚಾರ್ಸದ್ದಾದ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ. ಬಾಚಾ ಖಾನರಿಗೆ 1987ರಲ್ಲಿ ಭಾರತ ರತ್ನ ಸಂದಿತು. 1988ರ ಜನವರಿ 20ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಮಣ್ಣು ಮಾಡಿದ್ದು ಅಫ್ಘಾನಿಸ್ತಾನದ ಜಲಾಲಾಬಾದಿನಲ್ಲಿ.

ಪ್ರ: ಅಲ್ಲಿನ ಬೇಸಾಯ ಹೇಗೆ? (ಶಹಾಪುರ)

ಉ: ನೀರಾವರಿ. ಸ್ವಾತ್ ಮತ್ತು ಕಾಬೂಲ್ ನದಿಗಳು ಈ ಜಿಲ್ಲೆಯಲ್ಲೇ ಕೂಡುತ್ತವೆ. ನಡುವಿನ ನೆಲಕ್ಕೆ, ನಮ್ಮ ರಾಯಚೂರಿನಂತೆಯೇ, ದೋಆಬ ಎನ್ನುತ್ತಾರೆ. ಕೆಳ ಸ್ವಾತ್ ಕಾಲುವೆ 1885ರಿಂದ ಹರಿಯುತ್ತಿದೆ. ಕಬ್ಬು, ಗೋಧಿ, ಗೋವಿನಜೋಳ, ತಂಬಾಕು ಬೆಳೆ. ಗಾಣದ ಬೆಲ್ಲ ಹೆಸರುವಾಸಿ. ಬೆಟ್ಟದಿಂದ ಇಳಿದ ನೀರು ಸಮತಟ್ಟಿಗೆ ಒಮ್ಮೆಲೇ ಬಂದು ಬೀಳುವುದೇ ಕಷ್ಟ. 2010ರ ನೆರೆಗೆ ಮುಂಡಾ ಒಡ್ಡು ಕೊಚ್ಚಿಹೋಯಿತು, 2022ರಲ್ಲಿ ಮತ್ತೆ ಮುರಿಯಿತು.

ಪ್ರ: ಮಕ್ಕಳಿಗೆ ಪಷ್ತೂನ್ ಎಂದು ಹೇಳಿಕೊಡಬೇಕೇ, ಪಖ್ತೂನ್ ಎಂದೇ? (ಶಿಕ್ಷಕಿ, ಬೀದರ್)

ಉ: ಎರಡೂ ಸರಿ, ಅಕ್ಷರ ಒಂದೇ. ಅದೇ ಅಕ್ಷರ ಕಂದಹಾರದಲ್ಲಿ ‘ಷ’, ಪೇಶಾವರ-ಚಾರ್ಸದ್ದಾದಲ್ಲಿ ‘ಖ’. ಈ ‘ಖ’ ನಮ್ಮ ಮಹಾಪ್ರಾಣವಲ್ಲ, ಗಂಟಲಲ್ಲಿ ಉಜ್ಜಿ ಬರುವ ಉರ್ದು ‘ಖಬರ್’ನ ಖ. ‘ಪಠಾಣ’ ಹಿಂದುಸ್ತಾನಿಯ ರೂಪ. ನಿಮ್ಮ ಮಕ್ಕಳಿಗೆ ಒಂದು ಅನುಕೂಲವಿದೆ: ಪಷ್ತೋಗೆ ಟ, ಡ ಜೊತೆಗೆ ‘ಣ’ ಕೂಡ ಇದೆ. ಉರ್ದುವಿನಲ್ಲಿ ಇದಕ್ಕೆ ಬೇರೆ ಅಕ್ಷರವೇ ಇಲ್ಲ, ಹಾಗಾಗಿ ಉರ್ದು ಬಲ್ಲವರು ‘ನ’ ಎಂದುಬಿಡುತ್ತಾರೆ. ಕನ್ನಡದ ಮಕ್ಕಳು ಸಲೀಸಾಗಿ ಹೇಳುತ್ತಾರೆ. ತೊಡಕು ಬರುವುದು ‘ಜೈ’ನಲ್ಲಿ; ಅದು ‘ಜ಼ಮೀನು’ ಎನ್ನುವಾಗಿನ ಜ಼.

ಪ್ರ: ನಮ್ಮ ಮನ್ಯಾಗ ಅಜ್ಜಾರ ಕಾಲದ್ದೊಂದು ಉರ್ದು ಕಾಗದ ಅದ. ‘ಖಾನ್’ ಅಂತ ಹೆಸರು, ‘ಸನ್ 1329’ ಅಂತ ಬರ್ದದ. ನಾವು ಹಷ್ಟ್‌ನಗರದ ಪಠಾಣ್ರು ಅಂತ ಹಿರ್ಯಾರು ಹೇಳ್ತಿದ್ರು. ಖರೇನೋ ಸುಳ್ಳೋ ಹ್ಯಾಂಗ್ ತಿಳ್ಕೋಬೇಕ್ರಿ? (ಹುಮನಾಬಾದ್)

ಉ: ಮೊದಲು ಇಸವಿ ಬಿಡಿಸಿ. ನಿಜಾಮರ ರಾಜ್ಯದ ಕಚೇರಿ ಕಾಗದದಲ್ಲಿ ‘ಸನ್’ ಅಂದರೆ ಹೆಚ್ಚಾಗಿ ಫಸಲಿ, ಅಂದರೆ ಬೆಳೆ-ಕಂದಾಯದ ಲೆಕ್ಕದ ವರ್ಷ. ಅದಕ್ಕೆ 590 ಕೂಡಿಸಿದರೆ ಕ್ರಿಸ್ತಶಕ: 1329 ಫಸಲಿ 1919ರ ಅಕ್ಟೋಬರಿನಿಂದ ಶುರು. ಅದೇ ಹಿಜರಿ 1329 ಆದರೆ 1911. ಎಂಟೊಂಬತ್ತು ವರ್ಷದ ಈ ಅಂತರದಲ್ಲಿ ಅಪ್ಪ-ಮಗ ಅದಲುಬದಲಾದ ವಂಶಾವಳಿಗಳುಂಟು. ಗುರುತು ತಿಂಗಳಿನಲ್ಲಿದೆ. ಆಜೂರ್, ದೈ, ಬಹಮನ್, ಇಸ್ಫಂದಾರ್ ಎಂದಿದ್ದರೆ ಫಸಲಿ. ಮೊಹರಂ, ಸಫರ್, ರಜಬ್ ಎಂದಿದ್ದರೆ ಹಿಜರಿ. ‘ಬಹಮನ್’ ಕಂಡಕೂಡಲೇ ಬಹಮನಿ ಸುಲ್ತಾನರ ಕಾಲದ ಕಾಗದ ಎಂದು ಹಿಗ್ಗಬೇಡಿ, ಅದು ತಿಂಗಳು.

‘ಖಾನ್’ ಒಂದರಿಂದ ಏನೂ ಸಾಬೀತಾಗುವುದಿಲ್ಲ. ಅದು ದರ್ಬಾರಿನಿಂದ ಸಿಗುತ್ತಿದ್ದ ಬಿರುದೂ ಹೌದು. ಹೆಸರಿನ ಸುತ್ತ ಮೂರು ಪದ ಹುಡುಕಿ: ‘ವಲ್ದ್’ ಅಂದರೆ ಇಂಥವರ ಮಗ, ‘ಕೌಮ್’ ಅಂದರೆ ಕುಲ, ‘ಸಾಕಿನ್’ ಅಂದರೆ ಇಂಥ ಊರಿನ ನಿವಾಸಿ. ಕೌಮ್ ಮುಂದೆ ಮೊಹಮ್ಮದ್‌ಜೈಯಂಥ ಹೆಸರಿದ್ದರೆ ಹಿರಿಯರ ಮಾತಿಗೆ ಬಲ ಬರುತ್ತದೆ. ‘ರೋಹಿಲಾ’ ಎಂದಿದ್ದರೆ ಕುಟುಂಬ ನೇರ ಅಲ್ಲಿಂದ ಬರದೆ ಉತ್ತರ ಹಿಂದುಸ್ತಾನದ ರೋಹಿಲಖಂಡದಲ್ಲಿ ತಲೆಮಾರು ಕಳೆದು ಬಂದಿರಬಹುದು. 19ನೇ ಶತಮಾನದಲ್ಲಿ ಹೈದರಾಬಾದ್ ರಾಜ್ಯದಲ್ಲಿ ಅರಬರಂತೆಯೇ ಕೂಲಿ ಸಿಪಾಯಿಗಳಾಗಿ, ಸಾಲ ಕೊಡುವವರಾಗಿ ನೆಲೆಸಿದವರು ಅವರು. ಇನಾಮು ಜಮೀನಿದ್ದರೆ ‘ಮುಂತಖಬ್’ ಎಂಬ ಪತ್ರ ಆಗಿರುತ್ತದೆ. ಮೊದಲು ತಹಸೀಲ್ ಕಚೇರಿಯ ದಾಖಲೆ ಕೋಣೆ, ಆಮೇಲೆ ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ. ಹೋಗುವಾಗ ಗ್ರಾಮದ ಹಳೆಯ ಹೆಸರು, ಅಂದಿನ ತಾಲ್ಲೂಕು, ಫಸಲಿ ವರ್ಷ ಮೂರೂ ಬರೆದುಕೊಂಡಿರಿ. ಇಂದಿನ ತಾಲ್ಲೂಕಿನ ಹೆಸರಿನಲ್ಲಿ ಹುಡುಕಿದರೆ ಸಿಗದು.

ಕಾಗದವನ್ನು ಓದಿಸುವಾಗ ಬರೇ ಉರ್ದು ಬಲ್ಲವರು ಸಾಲದು, ಶಿಕಸ್ತಾ ಎಂಬ ಅವಸರದ ಕೂಡುಬರಹ ಓದಬಲ್ಲವರು ಬೇಕು. ಅದರಲ್ಲಿ ಚುಕ್ಕೆ ಬಿಡುತ್ತಾರೆ. ಬ, ತ, ನ ಮೂರೂ ಒಂದೇ ಥರ ಕಾಣುತ್ತವೆ, ಊರ ಹೆಸರು ತಪ್ಪುವುದೇ ಅಲ್ಲಿ. ಕಾಗದದ ಎರಡೂ ಬದಿಯ ಫೋಟೋ ತೆಗೆಯಿರಿ, ಮೊಹರು ಹೆಚ್ಚಾಗಿ ಹಿಂಬದಿಯಲ್ಲಿರುತ್ತದೆ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಬಿಸಿಗೆ ಕರಗಿದ ಅಂಟು ಕಾಗದದ ಎಳೆಯೊಳಗೆ ಇಳಿಯುತ್ತದೆ, ಆಮೇಲೆ ಬಿಡಿಸಲು ಹೋದರೆ ಶಾಯಿಯೂ ಕಿತ್ತು ಬರುತ್ತದೆ. ಹತ್ತಿ ಬಟ್ಟೆಯಲ್ಲಿ ಮಡಿಕೆಯಿಲ್ಲದೆ ಸುತ್ತಿ, ಗೋಡೆಗೆ ತಾಗದಂತೆ ಪೆಟ್ಟಿಗೆಯಲ್ಲಿ ಇಡಿ.