ಮಾರ್ಕ್ 3 ಅಂಬಾಸಿಡರ್‌ಗೆ ಇಸುಜು 1800: ವೆಲ್ಡಿಂಗ್ ಮಾಡ್ಸೋಕೆ ಮುಂಚೆ ಇದನ್ನ ಓದಿ

ಸರ್, ನೀವು ಹಾಕಿರೋ ಫೋಟೋ ನೋಡಿ ಬರೀತಿದೀನಿ. 78ರ ಮಾರ್ಕ್ 3 ಅಂಬಾಸಿಡರ್‌ನ ಹಳೇ ಇಂಜಿನ್ ತೆಗೆದು, ಬೆಂಗಳೂರು ಶಿವಾಜಿನಗರದ ಗುಜರೀಲಿ ಸಿಕ್ಕ ಇಸುಜು ಇಂಜಿನ್ನು, ಗೇರ್‌ಬಾಕ್ಸು ಇಳಿಸಿದೀರ, ನಾಳೆ ಮೌಂಟಿಂಗ್ (ಅವನ್ನ ಗಾಡಿಗೆ ಹಿಡಿಯೋ ಬ್ರಾಕೆಟ್) ವೆಲ್ಡಿಂಗ್ ಅಂದಿದೀರ. ದಯವಿಟ್ಟು ನಾಳೆ ಬೇಡ. ಟನಲ್‌ಗೆ (ಗೇರ್‌ಬಾಕ್ಸ್ ಮೇಲೆ ಫ್ಲೋರಲ್ಲಿರೋ ಉಬ್ಬಿಗೆ) ತಾಗುತ್ತೆ ಅಂತ ಗೇರ್‌ಬಾಕ್ಸ್ ಹಿಂಭಾಗ ಕೆಳಗೆ ಇಳಿಸಿದಾರೆ, ಅದೂ ಅಲ್ದೆ ಸ್ಟ್ಯಾಂಡನ್ನ ಗಾಡಿ ಬಾಡಿ ಕೆಳಗೆ ಕೊಟ್ಟು ಹಿಂದಿನ ಆಕ್ಸಲ್ ಹೌಸಿಂಗ್ ನೇತಾಡ್ತಿದೆ. ಈ ಸ್ಥಿತೀಲಿ ಮೌಂಟಿಂಗ್ ಕೂರಿಸಿದ್ರೆ ಮುಗೀತು.

ನಮ್ಮ ಗಾಡೀಲಿ ಇದೇ ಆಗಿತ್ತು. ಸ್ಟಾರ್ಟಿಂಗ್ ಚೆನ್ನಾಗಿದೆ, ಪಿಕಪ್ ಚೆನ್ನಾಗಿದೆ, 60 ದಾಟಿದ ತಕ್ಷಣ ಫ್ಲೋರ್ ಗಡಗಡ. ವೀಲ್ ಬ್ಯಾಲೆನ್ಸಿಂಗ್ ಮಾಡ್ಸಿದ್ವಿ, ಪ್ರೊಪೆಲರ್ ಶಾಫ್ಟ್ (ಗೇರ್‌ಬಾಕ್ಸಿಂದ ಹಿಂದಿನ ಆಕ್ಸಲ್‌ಗೆ ಹೋಗೋ ಉದ್ದ ಶಾಫ್ಟ್) ಬ್ಯಾಲೆನ್ಸಿಂಗ್‌ಗೆ ಕೊಟ್ವಿ, ಅದರ ಎರಡು ತುದೀಲಿರೋ ಕೀಲಿಗೆ ಹೊಸ ಯುಜೆ ಕ್ರಾಸ್ ಹಾಕಿದ್ವಿ, ಸ್ವಲ್ಪ ದಿನ ಸುಮ್ನಿದ್ದು ಮತ್ತೆ ಅದೇ. ಕ್ರಾಸ್ ಬಿಚ್ಚಿ ನೋಡಿದ್ರೆ ಸೂಜಿ ಬೇರಿಂಗ್ ಕೂರೋ ಜಾಗದಲ್ಲಿ ಉಗುರಿಗೆ ಸಿಗೋ ಹಂಗೆ ಗೆರೆ ಬಿದ್ದಿತ್ತು, ಗೇರ್‌ಬಾಕ್ಸ್ ಹಿಂದಿನ ಸೀಲ್ ಕಿತ್ತೋಗಿ ಶಾಫ್ಟೆಲ್ಲಾ ಆಯಿಲ್. ಕೊನೆಗೆ ಒಬ್ಬ ಹಳೇ ಲಾರಿ ಮೆಕ್ಯಾನಿಕ್ ಕೆಳಗೆ ಮಲಗಿ ನೋಡಿ ಹೇಳಿದ್ದು, ಗೇರ್‌ಬಾಕ್ಸ್ ಒಂದು ಕಡೆ ನೋಡ್ತಿದೆ, ಪಿನಿಯನ್ (ಹಿಂದಿನ ಆಕ್ಸಲಲ್ಲಿ ಈ ಶಾಫ್ಟ್ ಸೇರೋ ಗೇರ್) ಇನ್ನೊಂದು ಕಡೆ ನೋಡ್ತಿದೆ ಅಂತ. ಮೌಂಟಿಂಗ್ ಕಟ್ ಮಾಡಿ ಮತ್ತೆ ಮಾಡ್ಸಿದ್ವಿ, ದುಡ್ಡು ಡಬಲ್.

ಗೇರ್‌ಬಾಕ್ಸ್ ಶಾಫ್ಟಿನ ಗೆರೆ ಮತ್ತೆ ಪಿನಿಯನ್ ಗೆರೆ ಎರಡೂ ಸಮಾನಾಂತರ ಇರ್ಬೇಕು ಸರ್. ಒಂದು ಸ್ವಲ್ಪ ಮೇಲೆ ಒಂದು ಸ್ವಲ್ಪ ಕೆಳಗೆ ಇದ್ರೆ ಏನೂ ಇಲ್ಲ, ಎರಡು ಕ್ರಾಸಲ್ಲೂ ಕೋನ ಸಮ ಬರ್ಬೇಕು ಅಷ್ಟೇ, ಆಗ ಮುಂದಿನ ಕ್ರಾಸ್ ಮಾಡೋ ಏರಿಳಿತಾನ ಹಿಂದಿನದು ಸರಿದೂಗಿಸುತ್ತೆ. ಆ ಕೋನ ಒಂದರಿಂದ ಮೂರು ಡಿಗ್ರಿ ಒಳಗೆ ಇಟ್ಕೊಳ್ಳಿ. ಸ್ಟ್ಯಾಂಡ್ ಆಕ್ಸಲ್ ಕೆಳಗೆ ಕೊಡಿ, ಗಾಡಿ ಭಾರ ಪೂರ್ತಿ ಲೀಫ್ ಸ್ಪ್ರಿಂಗ್ ಮೇಲೆ ಕೂತಿರ್ಲಿ, ಸ್ಟೆಪ್ನಿ ಡಿಕ್ಕೀಲೇ ಇರ್ಲಿ, ಆಮೇಲೆ ಎರಡೂ ಫ್ಲಾಂಜ್‌ಗೆ (ಶಾಫ್ಟ್ ಬೋಲ್ಟ್ ಆಗೋ ಚಪ್ಪಟೆ ಮುಖಕ್ಕೆ) ಮೊಬೈಲ್ ಒತ್ತಿ ಹಿಡಿದು ಆ್ಯಂಗಲ್ ಅಳೆಯೋ ಆ್ಯಪಲ್ಲಿ ನೋಡಿ. ಸಣ್ಣ ವ್ಯತ್ಯಾಸ ಇದ್ರೆ ಸ್ಪ್ರಿಂಗ್ ಮತ್ತೆ ಆಕ್ಸಲ್ ಮಧ್ಯೆ ಓರೆ ಪ್ಯಾಕಿಂಗ್ ಹಾಕ್ಬೋದು. ಅದು ಬಿಟ್ಟು ಟನಲ್ ಉಳಿಸೋಕೆ ಗೇರ್‌ಬಾಕ್ಸ್ ಬಗ್ಗಿಸ್ಬೇಡಿ, ಟನಲ್ ಕುಯ್ಸಿ, ಹೆಂಗಿದ್ರೂ ಕಾಲಂ ಗೇರ್ ಹೋಗಿ ಫ್ಲೋರ್ ಗೇರ್ ಬರುತ್ತೆ.

ಶಾಫ್ಟ್ ಉದ್ದ ಬದಲಾಗುತ್ತೆ. ಕುಯ್ದು ವೆಲ್ಡ್ ಮಾಡುವಾಗ ಎರಡು ತುದಿ ಯೋಕ್ (ಕ್ರಾಸ್ ಕೂರೋ ಕವಲು) ಒಂದೇ ಗೆರೇಲಿ ಇದೆಯಾ ನೀವೇ ನಿಂತು ನೋಡಿ, ಲೇತ್‌ನವರ ಮೇಲೆ ಬಿಡ್ಬೇಡಿ. ಶಾಫ್ಟ್ ಹಿಂದೆ ಮುಂದೆ ಜಾರೋ ಸ್ಲಿಪ್ ಜಾಯಿಂಟಲ್ಲಿ ಒಂದಿಂಚು ಆಟ ಇರ್ಲಿ, ಇಲ್ಲಾಂದ್ರೆ ರೋಡ್ ಹಂಪ್ ಮೇಲೆ ಹೋದಾಗ ಶಾಫ್ಟ್ ಗೇರ್‌ಬಾಕ್ಸಿಗೆ ಗುದ್ದುತ್ತೆ.

ಬಜೆಟ್ ಬಗ್ಗೆ ಕೇಳಿದ್ರಲ್ಲ. ಬರೀ ಇಂಜಿನ್ ಕೊಳ್ಳೋದೇ ದುಬಾರಿ ದಾರಿ. ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯವರೇ 1800 ಐಎಸ್‌ಝಡ್ ಅಂತ ಇದೇ ಇಂಜಿನ್, ಐದು ಗೇರ್ ಹಾಕಿ ಅಂಬಾಸಿಡರ್ ಮಾರಿದಾರೆ. ಅಂಥ ತುಕ್ಕು ಹಿಡಿದ ಗಾಡಿ ಒಂದು ಇಡಿಯಾಗಿ ಸಿಕ್ರೆ ಮೌಂಟಿಂಗ್, ರೇಡಿಯೇಟರ್, ಶಾಫ್ಟ್, ಕ್ಲಚ್ ಲಿಂಕೇಜ್, ಸೈಲೆನ್ಸರ್ ಪೈಪ್ ಎಲ್ಲಾ ಅದ್ರಲ್ಲೇ ಬರುತ್ತೆ. ನೀವು ಈಗಾಗ್ಲೇ ಇಂಜಿನ್ ತಗೊಂಡಿದೀರ, ಕನಿಷ್ಠ ಮೌಂಟಿಂಗ್ ಬ್ರಾಕೆಟ್ಟಾದ್ರೂ ಹುಡುಕಿ. ಅದೇ ಕಂಪನಿಯ ಕಾಂಟೆಸ್ಸಾ ಕಾರಿನ ಬ್ರಾಕೆಟ್ ನೇರವಾಗಿ ಕೂರಲ್ಲ, ಮಾರೋರು ಕೂರುತ್ತೆ ಅಂತಾರೆ, ನಂಬ್ಬೇಡಿ.

ಬ್ರೇಕ್ ಬಗ್ಗೆ ನೀವು ಒಂದು ಮಾತೂ ಬರ್ದಿಲ್ಲ, ಅದಕ್ಕೆ ಸ್ವಲ್ಪ ಬೇಜಾರಾಯ್ತು. ನಿಮ್ಮ 1489 ಸಿಸಿ ಇಂಜಿನ್ ಸುಮಾರು 50 ಬಿಎಚ್‌ಪಿ, ಅದಕ್ಕೆ ಮಾಡಿದ ನಾಲ್ಕು ಡ್ರಮ್ಮು. ಇನ್ಮೇಲೆ ಗಾಡಿ ಸಲೀಸಾಗಿ 100ಕ್ಕೆ ಹೋಗುತ್ತೆ, ನಿಲ್ಲೋದು ಹೆಂಗೆ? ಆಮೇಲಿನ ಅಂಬಾಸಿಡರ್‌ಗಳಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಬಂತು, ಜೆಸಿ ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡೀಲಿ ವಿಚಾರಿಸಿ, ಬೂಸ್ಟರ್ ಸಮೇತ ಹಾಕ್ಸಿ. ಸಿಂಗಲ್ ಲೈನ್ ಮಾಸ್ಟರ್ ಸಿಲಿಂಡರ್ (ನಾಲ್ಕೂ ಚಕ್ರದ ಬ್ರೇಕ್‌ಗೆ ಒಂದೇ ಲೈನ್) ಇದ್ರೆ ಅದನ್ನ ಮೊದ್ಲು ಕಿತ್ತಾಕಿ. ಅಲಾಯ್ ವೀಲಿಗೆ ಇಟ್ಟಿರೋ ದುಡ್ಡು ಇಲ್ಲಿಗೆ ಹಾಕಿ ಸರ್.

ಇಂಜಿನ್ನಿಂದ ಗಾಡಿ ಬಾಡಿ ತನಕ ದಪ್ಪ ಅರ್ಥಿಂಗ್ ಪಟ್ಟಿ ಮರೀಬೇಡಿ, ರಬ್ಬರ್ ಮೌಂಟಿಂಗ್ ಮೇಲೆ ಕೂತ ಇಂಜಿನ್‌ಗೆ ಅರ್ಥ್ ಇಲ್ಲಾಂದ್ರೆ ಸೆಲ್ಫ್ ಹೊಡೆದಾಗ ಕರೆಂಟ್ ಆಕ್ಸಲರೇಟರ್ ಕೇಬಲ್ ಮೇಲೆ ಹೋಗಿ ಅದು ಸುಟ್ಟೋಗುತ್ತೆ. ಹಳೇ ರೇಡಿಯೇಟರ್ ಸಾಕಾಗಲ್ಲ, ಕೋರ್ ದೊಡ್ಡದು ಮಾಡ್ಸಿ. ಆಯಿಲ್‌ಗೆ ಸಿಂಥೆಟಿಕ್ ಹಾಕಿ ದುಡ್ಡು ಸುಡ್ಬೇಡಿ, ಸರ್ವೋ 20ಡಬ್ಲ್ಯೂ-50 ಸಾಕು, ಬೇಗ ಬೇಗ ಬದಲಾಯ್ಸಿ.

ಡಿಫರೆನ್ಶಿಯಲ್ ರೇಷಿಯೋ (ಎರಡೂ ಹಿಂದಿನ ಚಕ್ರ ಒಂದು ಸುತ್ತು ಬರೋಕೆ ಶಾಫ್ಟ್ ಎಷ್ಟು ಸುತ್ತಬೇಕು ಅನ್ನೋದು) ಗೊತ್ತಿಲ್ಲ ಅಂದಿದೀರ. ನ್ಯೂಟ್ರಲ್ಲಿಗೆ ಹಾಕಿ, ಒಂದು ಹಿಂದಿನ ಚಕ್ರ ಮಾತ್ರ ಎತ್ತಿ, ಇನ್ನೊಂದು ಚಕ್ರ ನಿಂತಿರೋದ್ರಿಂದ ಅದನ್ನ ಸರಿಯಾಗಿ ಎರಡು ಸುತ್ತು ತಿರುಗಿಸಿ, ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ರೇಷಿಯೋ. ನೆಲದ ಮೇಲಿರೋ ಚಕ್ರಗಳಿಗೆ ಕಲ್ಲು ಕೊಡೋದು ಮರೀಬೇಡಿ.

ಆರ್‌ಟಿಒ ವಿಷಯ ಯಾರೂ ಹೇಳಿಲ್ಲ ನೋಡಿ. ಅನುಮತಿ ಮೊದ್ಲು, ಕೆಲಸ ಆಮೇಲೆ. ಎಫ್‌ಸಿಗೆ (ಫಿಟ್ನೆಸ್ ಸರ್ಟಿಫಿಕೇಟ್‌ಗೆ) ಹೋದಾಗ ಇಂಜಿನ್ ನಂಬರ್ ಆರ್‌ಸಿ ಜೊತೆ ತಾಳೆ ನೋಡ್ತಾರೆ, ಗುಜರಿಯವರಿಂದ ಬಿಲ್ಲು, ಆ ಇಂಜಿನ್ನಿನ ಹಳೇ ಗಾಡಿ ಕಾಗದ ಇಸ್ಕೊಳ್ಳಿ, ಕೊಡಲ್ಲ ಅಂದ್ರೆ ಆ ಇಂಜಿನ್ನೇ ಬೇಡ. ಇನ್ಶೂರೆನ್ಸ್‌ನವರಿಗೂ ತಿಳಿಸ್ಬೇಕು. ಇನ್ನೊಂದು, 2021ರ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಗಾಡಿಗೆ ಮಾತ್ರ ವಿಂಟೇಜ್ ರಿಜಿಸ್ಟ್ರೇಷನ್, ಇಂಜಿನ್ ಬದಲಾದ್ರೆ ಇಲ್ಲ. ನಿಮ್ಮದಕ್ಕೆ 2028ಕ್ಕೆ 50 ತುಂಬುತ್ತೆ. ಹಂಗಾಗಿ ಹಳೇ ಇಂಜಿನ್ ಮಾರ್ಬೇಡಿ, ಸಿಲಿಂಡರ್‌ಗೆ ಸ್ವಲ್ಪ ಆಯಿಲ್ ಬಿಟ್ಟು, ಪ್ಲಗ್ ಹಾಕಿ, ಟಾರ್ಪಾಲ್ ಸುತ್ತಿ ಇಡಿ.

ನಾಳೆ ವೆಲ್ಡರ್‌ಗೆ ಬರ್ಬೇಡ ಅನ್ನಿ. ಎರಡೂ ಫ್ಲಾಂಜಿನ ಆ್ಯಂಗಲ್, ಮಾಸ್ಟರ್ ಸಿಲಿಂಡರ್ ಫೋಟೋ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.