ಖಿನ್ನತೆಯ ಔಷಧದ ಜೊತೆಗೆ ನಿದ್ರೆಮಾತ್ರೆ ತೆಗೆದುಕೊಳ್ಳುವುದು ಸುರಕ್ಷಿತವೇ?

ಎರಡನ್ನೂ ಒಬ್ಬರೇ ವೈದ್ಯರು ಬರೆದುಕೊಟ್ಟಿದ್ದರೆ, ಅಥವಾ ಒಬ್ಬರು ಕೊಟ್ಟ ಔಷಧದ ವಿಷಯ ಇನ್ನೊಬ್ಬರಿಗೆ ತಿಳಿದಿದ್ದರೆ, ಸಾಮಾನ್ಯವಾಗಿ ತೆಗೆದುಕೊಳ್ಳಬಹುದು. ಎಸ್ಸಿಟಲೋಪ್ರಾಮ್, ಸರ್ಟ್ರಲೀನ್‌ನಂತಹ ಖಿನ್ನತೆಯ ಔಷಧಗಳು ಪರಿಣಾಮ ತೋರಲು ಕೆಲವು ವಾರಗಳೇ ಬೇಕಾಗುವುದರಿಂದ ಮತ್ತು ಆರಂಭದಲ್ಲಿ ಅವೇ ಕೆಲವರ ನಿದ್ರೆ ಕೆಡಿಸುವುದರಿಂದ, ಮನೋವೈದ್ಯರು ಸ್ವಲ್ಪ ಕಾಲದ ಮಟ್ಟಿಗೆ ನಿದ್ದೆ ತರಿಸುವ ಕ್ಲೊನಾಜೆಪಾಮ್ ಅಥವಾ ಜೋಲ್ಪಿಡೆಮ್ ಸೇರಿಸುವುದುಂಟು.

ಆದರೆ ಎಲ್ಲ ಜೋಡಿಗಳೂ ಒಂದೇ ಬಗೆಯವಲ್ಲ. ಖಿನ್ನತೆಗೆ ಕೊಡುವ ಫ್ಲುವೊಕ್ಸಮೀನ್, ಔಷಧಗಳನ್ನು ಒಡೆಯುವ ಯಕೃತ್ತಿನ ಕೆಲವು ಕಿಣ್ವಗಳನ್ನು ತಡೆಯುವುದರಿಂದ, ಆತಂಕ ತಗ್ಗಿಸಿ ನಿದ್ದೆ ತರಿಸುವ ಆಲ್ಪ್ರಜೋಲಾಮ್ ಪ್ರಮಾಣವು ರಕ್ತದಲ್ಲಿ ಸುಮಾರು ಎರಡು ಪಟ್ಟಾಗುತ್ತದೆ. ನಿರುಪದ್ರವಿಯೆಂದು ಜನ ತಾವಾಗಿಯೇ ಕೊಂಡು ನುಂಗುವ ಮೆಲಟೋನಿನ್ ಎಂಬ ನಿದ್ರೆಯ ಹಾರ್ಮೋನಿನ ಪ್ರಮಾಣವು ಇದರಿಂದ ಇನ್ನೂ ಹೆಚ್ಚು ಏರುತ್ತದೆ. ಖಿನ್ನತೆಯ ಔಷಧಗಳಾದ ಅಮಿಟ್ರಿಪ್ಟಿಲೀನ್ ಮತ್ತು ಮಿರ್ಟಜಪೀನ್ ಸ್ವತಃ ನಿದ್ದೆ ತರಿಸುವಂಥವು. ಅವುಗಳ ಜೊತೆಗೆ ಮತ್ತೊಂದು ನಿದ್ರೆಮಾತ್ರೆ ಸೇರಿದರೆ ಮರುದಿನವೂ ಮಂಪರು ಉಳಿಯುತ್ತದೆ, ವಯಸ್ಸಾದವರು ರಾತ್ರಿ ಶೌಚಕ್ಕೆ ಎದ್ದಾಗ ಬಿದ್ದು ಮೂಳೆ ಮುರಿದುಕೊಳ್ಳುವ ಸಂಭವವೂ ಹೆಚ್ಚುತ್ತದೆ. ಜೋಲ್ಪಿಡೆಮ್ ಸೇವಿಸಿ ನಿದ್ದೆಯಲ್ಲೇ ನಡೆದಾಡಿದ, ವಾಹನ ಚಲಾಯಿಸಿದ ಪ್ರಕರಣಗಳಿಂದಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2019ರಲ್ಲಿ ಅದರ ಮೇಲೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಮುದ್ರಿಸಲು ಆದೇಶಿಸಿತು.

ನನ್ನ ದೃಷ್ಟಿಯಲ್ಲಿ ನಿಜವಾದ ಅಪಾಯವಿರುವುದು ವೈದ್ಯರಿಗೆ ಹೇಳದೆ ಸೇರಿಸುವ ಮೂರನೆಯ ವಸ್ತುವಿನಲ್ಲಿ: ಮದ್ಯ, ನೋವಿಗೆಂದು ಕೊಡುವ ಟ್ರಮಡಾಲ್, ನೆಗಡಿಗೆ ನುಂಗುವ ಮಂಪರಿನ ಮಾತ್ರೆ. ಜೋರಾಗಿ ಗೊರಕೆ ಹೊಡೆಯುವವರು ಅಥವಾ ನಿದ್ದೆಯಲ್ಲಿ ಉಸಿರುಗಟ್ಟುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಭಯಪಟ್ಟು ಯಾವ ಮಾತ್ರೆಯನ್ನೂ ಒಮ್ಮೆಲೇ ನಿಲ್ಲಿಸಬೇಡಿ. ಆದರೆ ಎಬ್ಬಿಸಿದರೂ ಏಳದಷ್ಟು ಮಂಪರು ಅಥವಾ ಉಸಿರಾಟ ನಿಧಾನವಾದುದು ಕಂಡರೆ ಮನೆಯವರು ತಡಮಾಡದೆ 108ಕ್ಕೆ ಕರೆ ಮಾಡಬೇಕು.